ಆರೂವರೆ ಇಂಚು ಅಗಲ, ಇ.ಟಿ. 38: ನನ್ನ ಪೋಲೋಗೆ ಹೊಂದಿದ ಅಲಾಯ್ ಚಕ್ರಗಳು

ನಮ್ಮ ಫೋಕ್ಸ್‌ವ್ಯಾಗನ್ ಪೋಲೋ ಕಾರಿಗೆ ಒಂದೇ ವರ್ಷದಲ್ಲಿ ಎರಡು ಸಲ ಅಲಾಯ್ ಚಕ್ರ ಹಾಕಿಸಿದ್ದೇನೆ. ಈಗಿರುವ ಎರಡನೆಯ ಸೆಟ್ಟಿನ ಬಗ್ಗೆ ನನಗೆ ಪೂರ್ತಿ ಸಮಾಧಾನವಿದೆ. ಅದು ಏಕೆ ಹೊಂದಿತು ಎಂದು ಹೇಳಬೇಕಾದರೆ ಮೊದಲನೆಯದು ಏಕೆ ಹೊಂದಲಿಲ್ಲ ಎಂಬುದರಿಂದಲೇ ಶುರುಮಾಡಬೇಕು.

ಮೊದಲ ಸಲ ಬೆಂಗಳೂರಿನ ಅಂಗಡಿಯೊಂದರಲ್ಲಿ ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ: ಎಷ್ಟು ಇಂಚು, ಯಾವ ಬಣ್ಣ. ಐದು ಬೋಲ್ಟಿನ 100 ಮಿ.ಮೀ. ಪಿ.ಸಿ.ಡಿ. (ಬೋಲ್ಟುಗಳ ನಡುಬಿಂದುಗಳನ್ನು ಹಾದುಹೋಗುವ ವೃತ್ತದ ವ್ಯಾಸ) ಹೊಂದಿದರೆ ಸಾಕು ಎಂದರು. ಚಕ್ರವೇನೋ ಕೂತಿತು. ಮೂರು ವಾರದ ಬಳಿಕ ನಾಲ್ಕು ಜನ ಕೂತು, ಡಿಕ್ಕಿ ತುಂಬ ಸಾಮಾನು ಹೇರಿಕೊಂಡು ಚಾರ್ಮಾಡಿ ಘಾಟಿ ಇಳಿಯುವಾಗ ತಿರುವು ತಿರುವಿಗೂ ಹಿಂದಿನಿಂದ ಗರಗಸ ಎಳೆದಂಥ ಸದ್ದು ಬಂತು. ಉಜಿರೆಯಲ್ಲಿ ನಿಲ್ಲಿಸಿ ನೋಡಿದರೆ ಟೈರಿನ ಹೊರಭುಜದ ಮೇಲೆ ಬೆರಳಗಲದ ಹೊಳೆಯುವ ಗೆರೆ ಬಿದ್ದಿತ್ತು. ಚಕ್ರದ ಮೇಲಿನ ಫೆಂಡರಿನ ಒಳ ಅಂಚಿನ ಬಣ್ಣ ಸುಲಿದು ತಗಡು ಕಾಣುತ್ತಿತ್ತು. “ಅಂಚನ್ನು ಬಡಿದು ಮಡಚಿಬಿಡೋಣ ಸಾರ್” ಎಂಬುದು ಅಂಗಡಿಯವರ ಪರಿಹಾರವಾಗಿತ್ತು. ನಾನು ಒಪ್ಪದೆ ಚಕ್ರಗಳನ್ನು ನಷ್ಟಕ್ಕೆ ಮಾರಿದೆ.

ಲೆಕ್ಕ ಹಾಕಿದ್ದು ಆಮೇಲೆ. ಕಂಪನಿಯ ಚಕ್ರದ ಮೇಲೆ 6ಜೆ, ಇ.ಟಿ. 40 ಎಂದು ಅಚ್ಚಾಗಿತ್ತು. ಹಾಕಿಸಿದ್ದು 7ಜೆ, ಇ.ಟಿ. 30. ಮೊದಲ ಅಂಕಿ ಇಂಚುಗಳಲ್ಲಿ ರಿಮ್ಮಿನ ಅಗಲ, ಜೆ ಎಂಬುದು ರಿಮ್ಮಿನ ಅಂಚಿನ ಆಕಾರದ ಗುರುತು. ಟೈರಿನ ಅಂಚುಗಳು ಕೂರುವ ಎರಡು ಜಾಗಗಳ ನಡುವಿನ ಅಳತೆ ಈ ಅಗಲವಾದ್ದರಿಂದ, ರಿಮ್ಮಿನ ಈ ತುದಿಯಿಂದ ಆ ತುದಿಗೆ ಟೇಪು ಹಿಡಿದರೆ ಸುಮಾರು ಒಂದಿಂಚು ಹೆಚ್ಚೇ ಬರುತ್ತದೆ. ಎರಡನೆಯದು, ಇ.ಟಿ., ಆಫ್‌ಸೆಟ್, ಅಂದರೆ ಹಬ್ಬಿಗೆ (ಕಾರಿನಲ್ಲಿ ಚಕ್ರ ಬೋಲ್ಟಾಗುವ ಭಾಗಕ್ಕೆ) ಒತ್ತಿ ಕೂರುವ ಮುಖವು ಚಕ್ರದ ನಡುಗೆರೆಯಿಂದ ಎಷ್ಟು ಮಿ.ಮೀ. ಹೊರಗಿದೆ ಎಂಬುದು, ಈ ಅಂಕಿ ಇಳಿದಷ್ಟೂ ಚಕ್ರ ಹೊರಕ್ಕೆ ಚಾಚುತ್ತದೆ. ಅರ್ಧ ಅಗಲದಿಂದ ಇ.ಟಿ. ಕಳೆದರೆ ಹೊರಚಾಚು ಸಿಗುತ್ತದೆ, ಕೂಡಿದರೆ ಒಳಚಾಚು. ಕಂಪನಿಯದಕ್ಕೆ ಹೊರಚಾಚು 36.2 ಮಿ.ಮೀ., ಹೊಸದಕ್ಕೆ 58.9. ಇ.ಟಿ. ಹತ್ತೇ ತಾನೆ ಕಡಿಮೆ ಎಂದುಕೊಂಡವನಿಗೆ, ಅಗಲದ ಅರ್ಧ ಇಂಚೂ ಸೇರಿ ಚಕ್ರ 22.7 ಮಿ.ಮೀ. ಹೊರಗೆ ಬಂದಿತ್ತು! ಸ್ಟೀರಿಂಗ್ ರಸ್ತೆಯ ಜಾಡಿನ ಕಡೆಗೆ ಎಳೆಯುತ್ತಿದ್ದುದಕ್ಕೂ ಇದೇ ಕಾರಣವೆಂಬುದರಲ್ಲಿ ನನಗೆ ಅನುಮಾನವಿಲ್ಲ. ಮೇಲಾಗಿ 185/60 ಆರ್ 15 ಅಳತೆಯ ಟೈರಿಗೆ ಆರೂವರೆ ಇಂಚು ಅಗಲದ ರಿಮ್ಮೇ ಮಿತಿ. ಏಳರ ಮೇಲೆ ಅದನ್ನು ಹಿಗ್ಗಿಸಿ ಕೂರಿಸಿದ್ದರು.

ಎರಡನೆಯ ಸೆಟ್ಟನ್ನು ಜೆ.ಸಿ. ರಸ್ತೆಯ ಒಂದು ಪುಟ್ಟ ಅಂಗಡಿಯಲ್ಲಿ ಕೊಂಡೆ: 6.5ಜೆ, ಇ.ಟಿ. 38. ಕಂಪನಿಯ ಚಕ್ರಕ್ಕಿಂತ ಹೊರಗೆ 8.4 ಮಿ.ಮೀ., ಒಳಗೆ 4.4 ಮಿ.ಮೀ. ಮಾತ್ರ ಹೆಚ್ಚು. ಅಂಗಡಿಯವರು ಒಂದೇ ಚಕ್ರ ಹಾಕಿ, ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಒಳಗಡೆ ಸ್ಟ್ರಟ್ಟಿಗೂ (ಸಸ್ಪೆನ್ಷನ್ನಿನ ಕಂಬ) ಟೈರಿಗೂ ನಡುವೆ ಬೆರಳು ತೂರಿಸಿ ನೋಡಿದ ಮೇಲೆಯೇ ಉಳಿದ ಮೂರನ್ನು ಪೆಟ್ಟಿಗೆಯಿಂದ ತೆಗೆದರು. ಚಕ್ರದ ನಡುರಂಧ್ರ 73.1 ಮಿ.ಮೀ., ಪೋಲೋದ ಹಬ್ 57.1, ಆ ಸಂದಿ ತುಂಬಲು ನಾನು ಕೇಳದೆಯೇ ಅವರು ಹಬ್ ರಿಂಗ್ ಹಾಕಿದರು. ಮೊದಲ ಅಂಗಡಿಯಲ್ಲಿ ಈ ರಿಂಗಿನ ಮಾತೇ ಬಂದಿರಲಿಲ್ಲ, ಗಂಟೆಗೆ 90 ಕಿ.ಮೀ. ದಾಟಿದರೆ ಸ್ಟೀರಿಂಗ್ ನಡುಗುತ್ತಿತ್ತು. ಈಗ ಅದಿಲ್ಲ. ಅದೇ ಘಾಟಿಯನ್ನು ಅಷ್ಟೇ ಭಾರ ಹೊತ್ತು ಎರಡು ಸಲ ಇಳಿದಿದ್ದೇನೆ, ಟೈರು ಎಲ್ಲೂ ತಾಗಿಲ್ಲ.

ಕೊರತೆಯೆಂದರೆ ಬಣ್ಣ: ಬ್ರೇಕಿನ ಧೂಳು ಬೆಳ್ಳಿ ಬಣ್ಣದ ಮೇಲೆ ಬೇಗ ಕಾಣುತ್ತದೆ. ಬೋಲ್ಟುಗಳ ವಿಷಯವನ್ನೂ ಹೇಳಲೇಬೇಕು. ಫೋಕ್ಸ್‌ವ್ಯಾಗನ್ನಿನ ಮೂಲ ಬೋಲ್ಟಿನ ತಲೆಯಡಿ ಗುಂಡಾಗಿರುತ್ತದೆ, ಈ ಚಕ್ರಕ್ಕೆ ಬೇಕಾದದ್ದು ಶಂಕುವಿನಾಕಾರದ್ದು. ಹಾಗಾಗಿ ಹೊಸ ಬೋಲ್ಟುಗಳನ್ನು ಹಾಕಿ 120 ನ್ಯೂಟನ್ ಮೀಟರಿಗೆ ಬಿಗಿ ಮಾಡಿಕೊಟ್ಟರು. ಸ್ಟೆಪ್ನಿ ಮಾತ್ರ ಹಳೆಯ ಉಕ್ಕಿನ ಚಕ್ರವೇ ಆದ್ದರಿಂದ, ಅದಕ್ಕೆ ಬೇಕಾಗುವ ಐದು ಮೂಲ ಬೋಲ್ಟುಗಳನ್ನು ಬಟ್ಟೆಯಲ್ಲಿ ಸುತ್ತಿ ಜಾಕಿನ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ.