ಮನೆಗೆ ಪಿಸ್ತೂಲ್ ತರುವ ಮೊದಲು ಇದನ್ನು ಓದಿ

ಅಮೆರಿಕದಲ್ಲಿರುವ ನಮ್ಮವರಿಗೆ, ಅದರಲ್ಲೂ ರಾತ್ರಿ ಮನೆಯಲ್ಲಿ ಒಬ್ಬರೇ ಇರುವ ಹೆಣ್ಣುಮಕ್ಕಳಿಗೆ ಇದನ್ನು ಬರೆಯುತ್ತಿದ್ದೇನೆ. ಹೋದ ಫೆಬ್ರವರಿಯಲ್ಲಿ ನಾನು ನನ್ನ ಅಪ್ಪನಿಗೇ ಪಿಸ್ತೂಲ್ ಗುರಿ ಇಟ್ಟಿದ್ದೆ. ಏನೂ ಆಗಲಿಲ್ಲ. ಆದರೆ ಆಗಲಿಲ್ಲ ಅನ್ನುವುದರಲ್ಲಿ ನನ್ನ ಜಾಣತನ ಏನೂ ಇರಲಿಲ್ಲ.

ನಾವಿರುವುದು ಟೆಕ್ಸಸ್‌ನಲ್ಲಿ, ಡಲ್ಲಾಸ್‌ನಿಂದ ಉತ್ತರಕ್ಕೆ. ನಮ್ಮ ಏರಿಯಾದಲ್ಲಿ ಇಂಡಿಯನ್ ಮನೆಗಳೇ ಜಾಸ್ತಿ. ಮನೆಯಲ್ಲಿ ಚಿನ್ನ ಇಟ್ಟಿರುತ್ತಾರೆ ಅಂತ ಕಳ್ಳರಿಗೂ ಗೊತ್ತು. ದೀಪಾವಳಿ ಹೊತ್ತಿಗೆ ನಮ್ಮ ಬೀದಿಯಲ್ಲೇ ಎರಡು ಮನೆ ಒಡೆದರು. ನಮ್ಮ ಮನೆಯವರು ತಿಂಗಳಲ್ಲಿ ಹತ್ತು ದಿನ ಕೆಲಸದ ಮೇಲೆ ಬೇರೆ ಊರಲ್ಲಿರುತ್ತಾರೆ. ಆಗ ಮನೆಯಲ್ಲಿ ನಾನು ಮತ್ತು ಏಳು ವರ್ಷದ ಮಗಳು. ನಿದ್ದೆಯೇ ಬರುತ್ತಿರಲಿಲ್ಲ.

ನಾನು ಬೆಳೆದದ್ದು ಸಕಲೇಶಪುರದ ಕಡೆ. ಅಲ್ಲಿ ತೋಟದ ಮನೆಗಳಲ್ಲಿ ಕೋವಿ ಇರುವುದು ಮಾಮೂಲು. ನಮ್ಮಲ್ಲೂ ಜೋಡಿ ನಳಿಗೆಯದ್ದು ಒಂದಿತ್ತು. ಎಲೆಕ್ಷನ್ ಬಂದಾಗ ಅಜ್ಜ ಅದನ್ನು ಠಾಣೆಗೆ ಕೊಟ್ಟು ಬರುತ್ತಿದ್ದರು. ಉಳಿದ ದಿನ ಕೋವಿ ಒಂದು ಕೋಣೆಯಲ್ಲಿ, ತೋಟಾ ಇನ್ನೊಂದು ಕೋಣೆಯ ಬೀರುವಿನಲ್ಲಿ, ಬೀಗದ ಕೈ ಅಜ್ಜನ ಉಡಿದಾರದಲ್ಲಿ. ಇದನ್ನೆಲ್ಲ ನೋಡಿದವಳಿಗೆ ಪಿಸ್ತೂಲ್ ಏನು ಹೊಸದು ಅಂದುಕೊಂಡೆ. ಅಜ್ಜ ಯಾಕೆ ಹಾಗೆ ಬೇರೆ ಬೇರೆ ಇಡುತ್ತಿದ್ದರು ಅಂತ ಮಾತ್ರ ಯೋಚಿಸಿರಲಿಲ್ಲ.

ಒಂದು ಶನಿವಾರ ಹೈವೇ ಪಕ್ಕದ ದೊಡ್ಡ ಗನ್ ಶಾಪ್‌ಗೆ ಹೋದೆ. ಕೌಂಟರಿನ ಹುಡುಗ ನನ್ನ ಕೈ ನೋಡಿದ. ಗಾಜಿನ ಕೆಳಗಿಂದ ಅಂಗೈಯಷ್ಟು ಪಿಸ್ತೂಲ್ ತೆಗೆದ. ಹೆಂಗಸರಿಗೆ ಇದೇ ಸರಿ, ಪರ್ಸ್‌ನಲ್ಲಿ ಹಿಡಿಸುತ್ತೆ, ಈಗ ಎಲ್ಲರೂ ಇದನ್ನೇ ಕೊಳ್ಳೋದು ಅಂದ.

ಎಲ್ಲರೂ ಕೊಳ್ಳುತ್ತಾರೆ ಅನ್ನುವುದು ಸುಳ್ಳಲ್ಲ. 2018ರಲ್ಲಿ ಸಿಗ್ ಕಂಪನಿ ಪಿ365 ಅಂತ ಪುಟ್ಟ ಪಿಸ್ತೂಲ್ ತಂದಿತು. ಅಷ್ಟು ಚಿಕ್ಕದರಲ್ಲೇ ಹತ್ತು ಗುಂಡಿನ ಮ್ಯಾಗಜೀನ್, ಅಂದರೆ ಗುಂಡು ತುಂಬಿಡುವ ಡಬ್ಬಿ. ಮಾರನೇ ವರ್ಷ ಸ್ಪ್ರಿಂಗ್‌ಫೀಲ್ಡ್‌ನವರ ಹೆಲ್‌ಕ್ಯಾಟ್ ಬಂತು, 2021ರಲ್ಲಿ ಸ್ಮಿತ್ ಅಂಡ್ ವೆಸನ್‌ನವರ ಶೀಲ್ಡ್ ಪ್ಲಸ್. ನಡುವೆ ಕೋವಿಡ್. 2020ರಲ್ಲಿ ಬಂದೂಕಿಗಾಗಿ ಎಫ್‌ಬಿಐ ನಡೆಸಿದ ಜನರ ಹಿನ್ನೆಲೆ ತಪಾಸಣೆಗಳೇ ಸುಮಾರು 3.97 ಕೋಟಿ. ಆಮೇಲೆ 2021ರ ಸೆಪ್ಟೆಂಬರ್ 1ರಿಂದ ಟೆಕ್ಸಸ್‌ನಲ್ಲಿ 21 ದಾಟಿದ ಹೆಚ್ಚಿನವರು ಪರ್ಮಿಟ್ ಇಲ್ಲದೆಯೇ ಪಿಸ್ತೂಲ್ ಒಯ್ಯಬಹುದು ಅಂತಾಯಿತು. ನನ್ನಂಥ ಹೊಸಬರು ಅಂಗಡಿಗೆ ನುಗ್ಗಿದರು. ಅಂಗಡಿಯವರು ಈ ಪುಟ್ಟ ಪಿಸ್ತೂಲ್‌ಗಳನ್ನೇ ಮುಂದಿಟ್ಟರು.

ಆದರೆ ಇವು ದಿನವಿಡೀ ಬಟ್ಟೆಯೊಳಗೆ ಇಟ್ಟುಕೊಂಡು ಓಡಾಡಲು ಮಾಡಿದವು. ಹಗುರ ಆದಷ್ಟೂ ಒದೆತ ಜಾಸ್ತಿ. ನಳಿಗೆ ಗಿಡ್ಡ ಆದಷ್ಟೂ ಹೊಸಬರ ಗುರಿ ತಪ್ಪುವುದು ಸುಲಭ. ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಜಾರುವ ಭಾಗಕ್ಕೆ ಸ್ಲೈಡ್ ಅನ್ನುತ್ತಾರೆ, ಅದನ್ನು ಎಳೆದು ಬಿಟ್ಟರೇ ಮೊದಲ ಗುಂಡು ನಳಿಗೆಗೆ ಏರುವುದು. ಸಣ್ಣ ಸ್ಲೈಡ್‌ಗೆ ಬಿಗಿ ಸ್ಪ್ರಿಂಗ್ ಇರುತ್ತೆ. ಚಿಕ್ಕ ಕೈಗೆ ಚಿಕ್ಕ ಪಿಸ್ತೂಲ್ ಅನ್ನುವ ಮಾತನ್ನು ದಯವಿಟ್ಟು ನಂಬಬೇಡಿ. ನನಗೆ ಅಂಗಡಿಯಲ್ಲೇ ಸ್ಲೈಡ್ ಹಿಂದಕ್ಕೆ ಎಳೆಯಲು ಆಗಲಿಲ್ಲ. ಅಲ್ಲಿಗೇ ಬೇಡ ಅನ್ನಬೇಕಿತ್ತು, ಅಲ್ವಾ? ಹುಡುಗ ಬೇರೆ ಉಪಾಯ ಹೇಳಿದ. ಯಾವಾಗಲೂ ಒಂದು ಗುಂಡು ಚೇಂಬರಿನಲ್ಲೇ, ಅಂದರೆ ನಳಿಗೆಯ ಬುಡದಲ್ಲೇ ಇಟ್ಟಿರಿ, ಆಗ ಎಳೆಯುವ ತಾಪತ್ರಯ ಇಲ್ಲ. ಆ ಪಿಸ್ತೂಲಿಗೆ ಕೈಯಿಂದ ಹಾಕುವ ಸೇಫ್ಟಿ ಲಾಕ್ ಇರಲಿಲ್ಲ. ಟ್ರಿಗರ್ ಒತ್ತಿದರೆ ಮುಗಿಯಿತು.

ಬಂದೂಕು ಕೊಳ್ಳುವವರು ತುಂಬಬೇಕಾದ 4473 ಅನ್ನುವ ಫೆಡರಲ್ ಫಾರಂ ತುಂಬಿದೆ. ತಪಾಸಣೆ ಕೆಲವೇ ನಿಮಿಷದಲ್ಲಿ ಮುಗಿಯಿತು. 480 ಡಾಲರಿನ ಪಿಸ್ತೂಲ್, ಜೊತೆಗೆ ಗುರಿ ತೋರಿಸುವ ಲೇಸರ್, ಪಿಸ್ತೂಲ್ ಸಿಕ್ಕಿಸುವ ಬಟ್ಟೆಯ ಹೋಲ್‌ಸ್ಟರ್, ಎರಡು ಡಬ್ಬಿ ಗುಂಡು ಸೇರಿ ಬಿಲ್ 700 ದಾಟಿತು. ಗುಂಡು ರೇಂಜಿನಲ್ಲಿ, ಅಂದರೆ ಗುರಿ ಹೊಡೆಯುವ ಮೈದಾನದಲ್ಲಿ, ಅಭ್ಯಾಸಕ್ಕೆ ಬಳಸುವ ಅಗ್ಗದ್ದು. ಅದು ಗೋಡೆ ದಾಟಿ ಹೋಗುತ್ತೆ ಅಂತ ಅವನು ಹೇಳಲಿಲ್ಲ. ಪಿಸ್ತೂಲ್ ಮಾರುವಾಗ ಬೀಗ ಕೊಡಲೇಬೇಕು ಅಂತ ಕಾನೂನಿದೆ, ಹಾಗಾಗಿ ಡಬ್ಬಿಯಲ್ಲಿ ಕೇಬಲ್ ಬೀಗ ಇತ್ತು. ಅದನ್ನು ಯಾರೂ ಹಾಕಲ್ಲ ಅಂದ. ಮನೆಯಲ್ಲಿ ಮಗು ಇದೆಯಾ ಅಂತ ಒಂದು ಮಾತು ಕೇಳಲಿಲ್ಲ.

ರೇಂಜಿಗೆ ಒಂದೇ ಸಲ ಹೋದೆ. ಇಪ್ಪತ್ತು ಗುಂಡಿಗೆ ಮಣಿಕಟ್ಟು ನೋವು ಬಂತು. ಆಮೇಲೆ ಅದು ಮಂಚದ ಪಕ್ಕದ ಡ್ರಾಯರ್‌ನಲ್ಲಿತ್ತು. ಮಗಳ ಕೈಗೆ ಎಟುಕುವ ಡ್ರಾಯರ್. ಇದನ್ನು ಬರೆಯುವಾಗಲೂ ಕೈ ನಡುಗುತ್ತಿದೆ.

ಫೆಬ್ರವರಿಯಲ್ಲಿ ಅಪ್ಪ ಅಮ್ಮ ಬಂದರು. ಮೂರನೇ ರಾತ್ರಿ, ಮೂರು ಗಂಟೆ. ಕೆಳಗೆ ಹಿತ್ತಿಲ ಬಾಗಿಲಿನ ಚೈಮ್ ಸದ್ದು ಮಾಡಿತು. ಎದೆ ಧಸಕ್ ಅಂತು. ಮನೆಯಲ್ಲಿ ಅಪ್ಪ ಅಮ್ಮ ಇದ್ದಾರೆ ಅನ್ನುವುದೇ ಆ ನಿದ್ದೆಗಣ್ಣಿಗೆ ನೆನಪಾಗಲಿಲ್ಲ. ನಿಜವಾಗಿಯೂ ಆಗಲಿಲ್ಲ. ಪಿಸ್ತೂಲ್ ತೆಗೆದುಕೊಂಡು ಮೆಟ್ಟಿಲ ಮೇಲೆ ನಿಂತೆ. ಕತ್ತಲಲ್ಲಿ ಮಂಕಿ ಟೋಪಿ ಹಾಕಿದ ಆಕಾರವೊಂದು ಅಡುಗೆಮನೆಯಿಂದ ಬಂತು. ಲೇಸರ್‌ನ ಕೆಂಪು ಚುಕ್ಕಿ ಅದರ ಸ್ವೆಟರ್ ಮೇಲೆ ಬಿತ್ತು. ಆಗ ಒಂದು ಕೆಮ್ಮು. ಚಿಕ್ಕಂದಿನಿಂದ ಕೇಳಿದ ಕೆಮ್ಮು.

"ಪುಟ್ಟಿ, ಎದ್ಯಾ? ನಿದ್ದೆ ಬರ್ಲಿಲ್ಲ, ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕ್ಕೊಂಡು ಬಂದೆ" ಅಂದರು.

ನನ್ನ ಬೆರಳು ಟ್ರಿಗರ್ ಮೇಲಿತ್ತು. ಯಾವಾಗ ಹೋಯಿತೋ ಗೊತ್ತಿಲ್ಲ. ಅಪ್ಪನ ಹಿಂದಿದ್ದದ್ದು ಡ್ರೈವಾಲ್, ಅಂದರೆ ತೆಳು ಜಿಪ್ಸಂ ಹಲಗೆಯ ಗೋಡೆ, ಅದರಾಚೆ ಅಮ್ಮ ಮಲಗಿದ್ದ ರೂಮು. ಈ ಪುಟ್ಟ ಪಿಸ್ತೂಲ್‌ಗಳ 9 ಎಂಎಂ ಗುಂಡು ಇಲ್ಲಿನ ಮನೆಗಳ ಇಂಥ ಗೋಡೆ ಒಂದನ್ನಲ್ಲ, ಹಲವನ್ನು ದಾಟಬಲ್ಲದು.

ಅಂಥ ತಪ್ಪುಗಳು ಆಗಿಯೇ ಇವೆ. 2023ರ ಏಪ್ರಿಲ್‌ನಲ್ಲಿ ಕಾನ್ಸಾಸ್ ಸಿಟಿಯಲ್ಲಿ 16 ವರ್ಷದ ಹುಡುಗ ತಮ್ಮಂದಿರನ್ನು ಕರೆತರಲು ಹೋಗಿ ತಪ್ಪು ಮನೆಯ ಬೆಲ್ ಒತ್ತಿದ. ಒಳಗಿದ್ದ 84 ವರ್ಷದವರು ಗುಂಡು ಹಾರಿಸಿದರು. ಹುಡುಗ ಬದುಕಿದ್ದು ಪುಣ್ಯ.

ಅಪ್ಪನಿಗೆ ಗುರಿ ಇಟ್ಟ ಆ ರಾತ್ರಿಯ ಮರುದಿನವೇ ಪಿಸ್ತೂಲನ್ನು ಅಂಗಡಿಗೆ ವಾಪಸ್ ಒಯ್ದೆ. ಒಮ್ಮೆ ಹೆಸರಿಗೆ ಆದ ಪಿಸ್ತೂಲ್ ಹಿಂದಕ್ಕೆ ತೆಗೆದುಕೊಳ್ಳಲ್ಲ ಅಂದರು. ಬೇಕಾದರೆ ಹಳೇದು ಅಂತ 210 ಡಾಲರ್ ಕೊಡ್ತೀವಿ ಅಂದರು. ಮೂರು ತಿಂಗಳು, ಇಪ್ಪತ್ತು ಗುಂಡು, ಅಷ್ಟೇ.

ಸಹೋದ್ಯೋಗಿಯೊಬ್ಬರು ಸಣ್ಣ ಅಂಗಡಿಯೊಂದಕ್ಕೆ ಕಳಿಸಿದರು. ಅಲ್ಲಿನ ವಯಸ್ಸಾದ ಮಾಲೀಕರು ಮೊದಲು ಕೇಳಿದ್ದೇ ನಿಮ್ಮ ಮನೆಯಲ್ಲಿ ಯಾರು ಯಾರು ಮಲಗುತ್ತಾರೆ ಅಂತ. ಒಂದು ಗಂಟೆ ಕೂರಿಸಿ ಮಾತಾಡಿದರು. ಪಿಸ್ತೂಲಿನಲ್ಲಿ ಲಾಭ ಕಡಿಮೆ, ಜೊತೆ ಸಾಮಾನಿನಲ್ಲೇ ಜಾಸ್ತಿ ಅಂದರು. ಕೆಲವು ಕಂಪನಿಗಳು ಕೌಂಟರಿನವರಿಗೆ ಮಾರಿದ ಲೆಕ್ಕಕ್ಕೆ ಪಾಯಿಂಟ್ ಕೊಡುತ್ತವಂತೆ. ಅಂದು ಅವರು ನನಗೆ ಮಾರಿದ್ದು ನಂಬರ್ ಒತ್ತಿ ತೆರೆಯುವ ಸಣ್ಣ ಸೇಫ್ ಮತ್ತು ಒಂದು ಟಾರ್ಚ್. ಬಾಡಿಗೆಗೆ ದೊಡ್ಡ ಪಿಸ್ತೂಲ್‌ಗಳನ್ನು ಹೊಡೆಸಿ ನೋಡಿದರು, ಕ್ಲಾಸಿಗೆ ಸೇರಿಸಿದರು. ಶಬ್ದ ಕೇಳಿದರೆ ಮೊದಲು ಮನೆಯವರು ಎಲ್ಲಿದ್ದಾರೆ ನೋಡು, ಮಗಳ ರೂಮಿನಲ್ಲಿ ಬಾಗಿಲು ಹಾಕಿಕೋ, 911ಕ್ಕೆ ಫೋನ್ ಮಾಡು, ಕೆಳಗಿಳಿದು ಹುಡುಕಬೇಡ ಅಂದರು. ಇಂಥ ಅಂಗಡಿ ಸಿಗುವವರೆಗೆ ಏನೂ ಕೊಳ್ಳಬೇಡಿ.

ಇನ್ನೊಂದು ಮಾತು. ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿರುವ ಗೆಳತಿಯೊಬ್ಬಳು ಮೊದಲ ಅಂಗಡಿಗೆ ನನ್ನ ಜೊತೆ ಬಂದಿದ್ದಳು. ನಿನ್ನ ಹೆಸರಲ್ಲೇ ನನಗೂ ಒಂದು ತಗೋ, ದುಡ್ಡು ಕೊಡ್ತೀನಿ ಅಂದಳು. ಕೌಂಟರಿನ ಹುಡುಗ ಕೇಳಿಸಿಕೊಂಡು, ಗಿಫ್ಟ್ ಅಂತ ಹೇಳಿ ಅಂದುಬಿಟ್ಟ. ನನ್ನ ಹತ್ತಿರ ಗ್ರೀನ್ ಕಾರ್ಡ್ ಇದೆ, ನಾನು ಕೊಳ್ಳಬಹುದು. ಆದರೆ ಇನ್ನೊಬ್ಬರ ದುಡ್ಡಿನಲ್ಲಿ ಅವರಿಗಾಗಿ ಕೊಂಡು, ಫಾರಂನಲ್ಲಿ ಇದು ನನಗೆ ಅಂತ ಬರೆಯುವುದು ಫೆಡರಲ್ ಅಪರಾಧ. 2022ರ ಕಾನೂನಿನ ಪ್ರಕಾರ ಇಂಥ ಕೊಡಿಸುವಿಕೆಗೆ 15 ವರ್ಷದವರೆಗೂ ಜೈಲು ಇದೆ. ಎಚ್-1ಬಿಯವರು ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವಂತಿಲ್ಲ, ರೇಂಜಿನಲ್ಲಿ ಗೆಳೆಯರದ್ದು ಹಿಡಿಯುವುದೂ ಅಪಾಯ. ಬೇಟೆ ಲೈಸೆನ್ಸಿನಂಥ ವಿನಾಯಿತಿಗಳಿವೆ. ಅದನ್ನು ವಕೀಲರಿಂದ ತಿಳಿದುಕೊಳ್ಳಿ, ಕೌಂಟರಿನಿಂದಲ್ಲ. ಬಂದೂಕಿನ ಕೇಸಿನಲ್ಲಿ ಶಿಕ್ಷೆಯಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ದೇಶದಿಂದ ಕಳಿಸಬಹುದು.

ಏಪ್ರಿಲ್‌ನಲ್ಲಿ ಅಪ್ಪ ಅಮ್ಮ ಊರಿಗೆ ಹೊರಟರು. ಅಮ್ಮ ಕೈಚೀಲಕ್ಕೆ ಕಪಾಟಿನಿಂದ ಒಂದು ಬ್ಯಾಗ್ ತೆಗೆದುಕೊಂಡಿದ್ದರು. ನಾನು ರೇಂಜಿಗೆ ಒಯ್ದಿದ್ದ ಬ್ಯಾಗು. ಬೆಂಗಳೂರು ಏರ್‌ಪೋರ್ಟಿನಲ್ಲಿ ಲೈಸೆನ್ಸ್ ಇಲ್ಲದೆ ಒಂದೇ ಒಂದು ಗುಂಡು ಸಿಕ್ಕರೂ ಆರ್ಮ್ಸ್ ಆ್ಯಕ್ಟ್ ಕೇಸು. ಮೊಮ್ಮಗಳ ಫೋಟೋ, ಮಾತ್ರೆ, ಚಾಕೊಲೇಟ್ ಎಲ್ಲ ಹಾಸಿಗೆ ಮೇಲೆ ಸುರಿದು ಒಂದೊಂದೇ ಜೇಬು ತಡಕಿದೆ. ಪಕ್ಕದ ಜೇಬಿನ ಮೂಲೆಯಲ್ಲಿ ಒಂದು ತೋಟಾ ಇತ್ತು.