ಎಂಎಕ್ಸ್500 ಎಸ್‌ಎಸ್‌ಡಿ: ನಾಲ್ಕು ವರ್ಷದ ಮೇಲೂ ಅದೇ ಸ್ಪೀಡ್

ಊರಿನ ಯಕ್ಷಗಾನ ಬಯಲಾಟಗಳನ್ನು ರಾತ್ರಿಯಿಡೀ ರೆಕಾರ್ಡ್ ಮಾಡಿ, ಮನೆಗೆ ತಂದು ಎಡಿಟ್ ಮಾಡುತ್ತೇನೆ. ಒಂದು ಪ್ರಸಂಗ ಅಂದರೆ 60 ಜಿಬಿ ದಾಟುತ್ತದೆ. ಅದಕ್ಕೇ ನಾಲ್ಕು ವರ್ಷದ ಹಿಂದೆ ಕ್ರೂಶಿಯಲ್ ಎಂಎಕ್ಸ್500 ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕ್ ಬದಲು ಹಾಕುವ, ಚಿಪ್‌ನಲ್ಲಿ ಡೇಟಾ ಇಡುವ ಡ್ರೈವ್), 500 ಜಿಬಿಯದ್ದು ತೆಗೆದುಕೊಂಡೆ.

ಹಾಕಿದ ದಿನವೇ ಡಿಸ್ಕ್ ಸ್ಪೀಡ್ ಅಳೆಯುವ ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಓಡಿಸಿದರೆ ಓದುವ ಸ್ಪೀಡ್ ಸೆಕೆಂಡಿಗೆ ಬರೀ 270 ಎಂಬಿ. ಕಂಪನಿ ಹೇಳಿದ್ದು 560! ಎದೆ ಧಸಕ್ಕೆಂದಿತು. ಕ್ಯಾಬಿನೆಟ್ ಬಿಚ್ಚಿ ನೋಡಿದೆ. ನನ್ನ ಹಳೆ ಮದರ್‌ಬೋರ್ಡಿನಲ್ಲಿ ಎರಡು ಬಣ್ಣದ ಪೋರ್ಟ್‌ಗಳಿವೆ, ಕೇಬಲ್ ಅರ್ಧ ವೇಗದ ಹಳೆ ಸಾಟಾ 2ಕ್ಕೆ ಹೋಗಿತ್ತು. ಪಕ್ಕದ ಸಾಟಾ 3ಕ್ಕೆ ಚುಚ್ಚಿದ ಮೇಲೆ 555 ಬಂತು. ನಿಮ್ಮದೂ ಅರ್ಧ ಸ್ಪೀಡ್ ತೋರಿಸಿದರೆ ಮೊದಲು ಇದನ್ನೇ ನೋಡಿ.

ಆದರೆ ದಿನನಿತ್ಯ ಕೈಗೆ ಗೊತ್ತಾಗುವುದು ಆ ದೊಡ್ಡ ನಂಬರ್ ಅಲ್ಲ. ಟೆಸ್ಟ್‌ನ ಕೆಳಗಿನ ಸಾಲಿನಲ್ಲಿರುವ, ಅಲ್ಲಲ್ಲಿ ಚದುರಿದ ಸಣ್ಣ ತುಣುಕುಗಳನ್ನು ಓದುವ ಸ್ಪೀಡ್ ತೋರಿಸುವ 4ಕೆ ರ‍್ಯಾಂಡಮ್. ನನ್ನ ಹಳೆ ಹಾರ್ಡ್‌ಡಿಸ್ಕ್‌ನಲ್ಲಿ ಅದು 1 ಎಂಬಿಯೂ ಇರಲಿಲ್ಲ, ಇದರಲ್ಲಿ 30ರ ಮೇಲಿದೆ. ವಿಂಡೋಸ್ ಬೇಗ ಏಳುವುದು ಇದರಿಂದಲೇ.

ಕಳೆದ ವರ್ಷ ಜಾಗ ಸಾಲದೆ ಇನ್ನೊಂದು ಅಗ್ಗದ ಎಸ್‌ಎಸ್‌ಡಿ ತಂದೆ, ಕ್ಯೂಎಲ್‌ಸಿ ಮಾದರಿಯದ್ದು (ಒಂದು ಸೆಲ್‌ನಲ್ಲಿ ನಾಲ್ಕು ಬಿಟ್ ತುಂಬುವುದು, ಅಗ್ಗ ಆದರೆ ಬರೆಯಲು ನಿಧಾನ). ಕಂಪನಿ ಹೆಸರು ಬೇಡ. 1 ಜಿಬಿ ಟೆಸ್ಟ್‌ನಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಅಗ್ಗದ್ದು ಮುಕ್ಕಾಲು ತುಂಬಿದ ಮೇಲೆ 64 ಜಿಬಿಯ ಒಂದು ಪ್ರಸಂಗ ಅದಕ್ಕೆ ಕಾಪಿ ಮಾಡಿದೆ. ಮೊದಲ 20 ಜಿಬಿ 450ರಲ್ಲಿ ಹೋಯಿತು. ಆಮೇಲೆ ಗ್ರಾಫ್ ಬಾವಿಗೆ ಬಿದ್ದ ಹಾಗೆ 70ಕ್ಕೆ ಇಳಿಯಿತು. ಮುಗಿಯಲು ಹನ್ನೊಂದು ನಿಮಿಷ! ಬರೆಯುವಾಗ ಡೇಟಾ ಮೊದಲು ಎಸ್‌ಎಲ್‌ಸಿ ಕ್ಯಾಶ್ ಎಂಬ ವೇಗದ ತಾತ್ಕಾಲಿಕ ಜಾಗಕ್ಕೆ ಹೋಗುತ್ತದೆ. ಇಂಥ ಡ್ರೈವ್‌ಗಳಲ್ಲಿ ಡಿಸ್ಕ್ ತುಂಬಿದಷ್ಟೂ ಆ ಕ್ಯಾಶ್ ಸಣ್ಣದಾಗುತ್ತದೆ. 1 ಜಿಬಿ ಟೆಸ್ಟ್ ಅಳೆಯುವುದು ಆ ಕ್ಯಾಶನ್ನು ಮಾತ್ರ, ಅಲ್ವಾ? ಅದೇ ಫೈಲನ್ನು ಎಂಎಕ್ಸ್500ಗೆ ವಾಪಸ್ ಹಾಕಿದೆ. 400ರ ಆಸುಪಾಸಿನಲ್ಲೇ ನಿಂತಿತು, ಮೂರು ನಿಮಿಷದೊಳಗೆ ಮುಗಿಯಿತು. ಇದು ಟಿಎಲ್‌ಸಿ (ಸೆಲ್‌ಗೆ ಮೂರೇ ಬಿಟ್), ಜೊತೆಗೆ ಯಾವ ಡೇಟಾ ಎಲ್ಲಿದೆ ಎಂಬ ಪಟ್ಟಿ ಇಡುವ ಡಿರ‍್ಯಾಮ್ ಕೂಡ ಇದೆ. ಕೊಟ್ಟ ದುಡ್ಡು ಸಾರ್ಥಕ ಅನ್ನಿಸಿದ್ದು ಆಗಲೇ.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ (ಡಿಸ್ಕ್‌ನ ಆರೋಗ್ಯ ತೋರಿಸುವ ಸಾಫ್ಟ್‌ವೇರ್) ಪ್ರಕಾರ ಇಲ್ಲಿಯವರೆಗೆ ಬರೆದದ್ದು 22 ಟಿಬಿ. ವಾರಂಟಿ ಇರುವುದು 5 ವರ್ಷ ಅಥವಾ 180 ಟಿಬಿಗೆ. ಹಾಗಾಗಿ ಆ ಚಿಂತೆ ಇಲ್ಲ. 100 ಜಿಬಿಯಷ್ಟು ಜಾಗ ಯಾವಾಗಲೂ ಖಾಲಿ ಬಿಡುತ್ತೇನೆ.

ಈ ಸಲದ ತಿರುಗಾಟದ ರೆಕಾರ್ಡಿಂಗ್ ಪೂರ್ತಿ ಎಂಎಕ್ಸ್500 ಮೇಲೇ ಎಡಿಟ್ ಮಾಡುತ್ತಿದ್ದೇನೆ. ಅಗ್ಗದ್ದು ಈಗ ಹಳೆ ಪ್ರಸಂಗಗಳ ಪೆಟ್ಟಿಗೆ. ಓದುವುದಕ್ಕೆ ಅದು ಚೆನ್ನಾಗಿಯೇ ಇದೆ.