ಬಾರ್ ಬಾಗಿಲಲ್ಲಿ ಆಧಾರ್ ಕ್ಯೂಆರ್ ಸ್ಕ್ಯಾನರ್: ನಕಲಿ ಕಾರ್ಡ್ ಸಿಕ್ಕಿಬೀಳುತ್ತದೆ, ಹುಡುಗರು?

ಆಧಾರ್ ಕೊಡುವ ಪ್ರಾಧಿಕಾರ ಯುಐಡಿಎಐನ ಆಧಾರ್ ಕ್ಯೂಆರ್ ಸ್ಕ್ಯಾನರ್ ಆ್ಯಪ್ ಉಚಿತ, ಆಂಡ್ರಾಯ್ಡ್‌ಗೂ ಐಫೋನ್‌ಗೂ ಸಿಗುತ್ತದೆ. ಬಾರಿಗೆಂದೇ ಮಾಡಿದ್ದಲ್ಲ. ಆದರೂ ಕರ್ನಾಟಕದ ಸಿಎಲ್-9 ಪರವಾನಗಿಯ ಬಾರು, ಸಿಎಲ್-2 ಪರವಾನಗಿಯ ವೈನ್ ಶಾಪುಗಳಿಗೆ ವಯಸ್ಸು ನೋಡಲು ಕೈಗೆಟಕುವ ಸಾಧನಗಳಲ್ಲಿ ಇದು ಒಳ್ಳೆಯದು. ಎಲ್ಲಿ ಕೈಕೊಡುತ್ತದೆ ಎಂಬುದು ಗೊತ್ತಿರಬೇಕು, ಅಷ್ಟೆ.

ಮೊದಲು ಮದ್ಯ ಕೊಡಬಹುದಾದ ವಯಸ್ಸಿನ ಗೆರೆ ಎಲ್ಲಿದೆ ನೋಡಿ. 1965ರ ಅಬಕಾರಿ ಕಾಯ್ದೆ 18 ಎನ್ನುತ್ತದೆ, 1967ರ ಪರವಾನಗಿ ಷರತ್ತುಗಳ ನಿಯಮ 21 ಎನ್ನುತ್ತದೆ. 2023ರ ಜನವರಿಯಲ್ಲಿ ನಿಯಮವನ್ನೂ 18ಕ್ಕೆ ಇಳಿಸುವ ಕರಡು ಬಂತು, ವಿರೋಧ ಎದ್ದದ್ದೇ ವಾಪಸಾಯಿತು. ಹಾಗಾಗಿ ಪರವಾನಗಿ ಉಳಿಯಬೇಕಾದವರಿಗೆ ಲೆಕ್ಕ 21ರದ್ದೇ. ‘ಡಿಎಲ್ ಇದೆಯಲ್ಲ, ಬಿಡಿ’ ಎನ್ನುವ ಬಾಗಿಲ ಹುಡುಗ ಎಡವುವುದು ಇಲ್ಲೇ: ಗೇರ್ ಬೈಕಿನ ಡಿಎಲ್ 18ಕ್ಕೇ ಸಿಗುತ್ತದೆ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಆ ದಿನದ ತಾರೀಖಿನಲ್ಲಿ 21 ವರ್ಷ ಕಳೆದು ‘ಈ ದಿನ ಅಥವಾ ಇದಕ್ಕೂ ಮೊದಲು ಹುಟ್ಟಿದವರಿಗೆ ಮಾತ್ರ’ ಎಂದು ಬೋರ್ಡಿನಲ್ಲಿ ಬರೆದುಬಿಡಿ. ರಾತ್ರಿ ಹತ್ತರ ನೂಕುನುಗ್ಗಲಿನಲ್ಲಿ ಮನಸ್ಸಿನಲ್ಲೇ ಲೆಕ್ಕ ಹಾಕುವವರು ತಪ್ಪುತ್ತಾರೆ.

ಇನ್ನು ಆ್ಯಪ್. ಕಾರ್ಡಿನ ದೊಡ್ಡ ಕ್ಯೂಆರ್‌ಗೆ ಹಿಡಿದರೆ ಫೋಟೊ, ಹೆಸರು, ಹುಟ್ಟಿದ ದಿನಾಂಕ, ವಿಳಾಸ ಬರುತ್ತವೆ. ಇಂಟರ್ನೆಟ್ ಬೇಡ, ಹಾಗಾಗಿ ಸಿಗ್ನಲ್ ಇಲ್ಲದ ನೆಲಮಾಳಿಗೆಯ ಪಬ್ಬಿನಲ್ಲೂ ನಡೆಯುತ್ತದೆ. ಈ ವಿವರಕ್ಕೆ ಯುಐಡಿಎಐನ ಡಿಜಿಟಲ್ ಸಹಿ ಇರುವುದರಿಂದ ಫೋಟೊಶಾಪಿನಲ್ಲಿ 2008 ಅನ್ನು 2003 ಮಾಡಿಸಿಕೊಂಡು ಬಂದವನ ಆಟ ನಡೆಯುವುದಿಲ್ಲ: ಕಾರ್ಡಿನ ಮೇಲೆ ಒಂದು ಇಸವಿ, ಪರದೆಯ ಮೇಲೆ ಇನ್ನೊಂದು. ನಂಬಬೇಕಾದ್ದು ಪರದೆಯನ್ನು. ಫೋನಿನ ಮಾಮೂಲಿ ಸ್ಕ್ಯಾನರಿನಲ್ಲಿ ನೋಡಿದರೆ ಬರೀ ಅಂಕಿಗಳ ಸಾಲು ಬರುತ್ತದೆ. ಅದನ್ನು ಕಂಡು ‘ಅಸಲಿ’ ಎಂದು ಒಳಗೆ ಬಿಡಬೇಡಿ.

ಸಹಿ ಅಸಲಿಯಾಗಿದ್ದು ಮನುಷ್ಯ ಬೇರೆಯಾದರೆ ಮಾತ್ರ ಆ್ಯಪ್ ಏನೂ ಮಾಡಲಾರದು. ಅಣ್ಣನ ಕಾರ್ಡು, ಅಣ್ಣನ ಕಾರ್ಡಿನ ಸ್ಕ್ರೀನ್‌ಶಾಟು, ಎರಡೂ ಸಲೀಸಾಗಿ ಸ್ಕ್ಯಾನ್ ಆಗುತ್ತವೆ. ಉಳಿಯುವ ತಡೆ ಫೋಟೊ ಒಂದೇ. ಅದೂ ಅಂಚೆಚೀಟಿಯಷ್ಟು, ಮಸುಕು. 15ಕ್ಕೆ ಕಡ್ಡಾಯ ಅಪ್‌ಡೇಟ್ ಮಾಡಿಸಿ ಮತ್ತೆ ಆಧಾರ್ ಕೇಂದ್ರದ ಕಡೆ ಹೋಗದವರ 22ರ ಮುಖ ಆ ಫೋಟೊಗೆ ಹೊಂದುವುದೇ ಇಲ್ಲ. ಅನುಮಾನ ಬಂದಾಗ ವಿಳಾಸದ ಪಿನ್‌ಕೋಡ್ ಕೇಳಿ. ಅಣ್ಣತಮ್ಮಂದಿರಾದರೆ ಪಿನ್‌ಕೋಡ್ ಒಂದೇ, ಆಗ ಎರಡನೇ ದಾಖಲೆ ಕೇಳಿ: ಅವನದೇ ಫೋನಿನಲ್ಲಿ ಸರ್ಕಾರದ ದಾಖಲೆ ಆ್ಯಪ್ ಡಿಜಿಲಾಕರ್ ತೆರೆಸಿ ಡಿಎಲ್ ತೋರಿಸಲು ಹೇಳಿ. ಗ್ಯಾಲರಿಯ ಚಿತ್ರ ಬೇಡ.

ಸ್ಕ್ಯಾನ್ ಆಗದಿದ್ದರೆ ಕಾರ್ಡು ನಕಲಿ ಎಂದೇ ಅಲ್ಲ. 2018ಕ್ಕೂ ಹಿಂದಿನ ಕಾರ್ಡುಗಳ ಕ್ಯೂಆರ್‌ನಲ್ಲಿ ಸಹಿಯೂ ಇಲ್ಲ, ಫೋಟೊವೂ ಇಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಚಿಕ್ಕದಾಗಿ ಮುದ್ರಿಸಿ ಲ್ಯಾಮಿನೇಷನ್ ಮಾಡಿಸಿದ್ದರೆ ಚುಕ್ಕಿಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಮೇಲೆ ಬಾರಿನ ಬಣ್ಣದ ದೀಪದ ಹೊಳಪು ಬೇರೆ. ಬಾಗಿಲ ಬಳಿ ಒಂದು ಬಿಳಿ ದೀಪ ಹಾಕಿಸಿದರೆ ಅರ್ಧ ತಾಪತ್ರಯ ತಪ್ಪುತ್ತದೆ.

ಹುಟ್ಟಿದ ದಿನಾಂಕವೇ ಎಷ್ಟು ಗಟ್ಟಿ ಎಂಬ ಪ್ರಶ್ನೆಯೂ ಇದೆ. ಆಧಾರ್ ಜನ್ಮದಿನಾಂಕದ ಪುರಾವೆಯಲ್ಲ ಎಂದು ಸ್ವತಃ ಯುಐಡಿಎಐ ಹೇಳಿದೆ, 2024ರಲ್ಲಿ ಸುಪ್ರೀಂ ಕೋರ್ಟೂ ಶಾಲೆ ಬಿಟ್ಟ ಪ್ರಮಾಣಪತ್ರಕ್ಕೇ ಹೆಚ್ಚು ಬೆಲೆ ಕೊಟ್ಟಿತು. ಹುಟ್ಟಿದ ದಿನ ಸರಿಯಾಗಿ ಗೊತ್ತಿಲ್ಲದವರಿಗೆ ಹಾಕುವ ಜನವರಿ 1 ಇರುವ, ಗೆರೆಯ ಅಂಚಿನ ಇಸವಿಯ ಕಾರ್ಡು ಬಂದರೆ ಇನ್ನೊಂದು ದಾಖಲೆ ಕೇಳುವುದೇ ಕ್ಷೇಮ.

ಎಲ್ಲಿ ನೋಡಬೇಕು? ಬಾಗಿಲಲ್ಲಿ. ಟೇಬಲ್ಲಿಗೆ ಕೂತ ಐವರಲ್ಲಿ ಆರ್ಡರ್ ಕೊಡುವವನು ದೊಡ್ಡವನೇ ಆಗಿರುತ್ತಾನೆ, ಬಿಯರ್ ಜಗ್ ಬಂದ ಮೇಲೆ ಗ್ಲಾಸ್ ಯಾರ ಕೈಗೆ ಹೋಯಿತೆಂದು ವೇಟರ್ ನೋಡುತ್ತ ನಿಲ್ಲುವುದಿಲ್ಲ. 21 ದಾಟಿದಂತೆ ಕಂಡವರನ್ನು ಬಿಟ್ಟು ಉಳಿದವರನ್ನು ಕೇಳುವುದಕ್ಕಿಂತ, 25ಕ್ಕಿಂತ ಚಿಕ್ಕವರಂತೆ ಕಾಣುವ ಎಲ್ಲರನ್ನೂ ಕೇಳಿ. ಸ್ಕಾಟ್ಲೆಂಡಿನಲ್ಲಿ ಇದು 2011ರಿಂದ ಕಾನೂನೇ ಆಗಿದೆ. ಹೀಗೆ ಮಾಡಿದರೆ ಗಿರಾಕಿಗೂ ‘ನನ್ನನ್ನೇ ಏಕೆ?’ ಎಂಬ ಮುನಿಸು ಇರುವುದಿಲ್ಲ. ಆಧಾರೇ ಬೇಕೆಂದು ಹಟ ಹಿಡಿಯುವಂತಿಲ್ಲ, ಪಾಸ್‌ಪೋರ್ಟ್, ಡಿಎಲ್ ತೋರಿಸುವ ಆಯ್ಕೆ ಕೊಡಬೇಕು. ಕಾರ್ಡಿನ ಫೋಟೊ ತೆಗೆದು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕುವ ಚಾಳಿ ಇದ್ದರೆ ಇವತ್ತೇ ನಿಲ್ಲಿಸಿ. ನೋಡಿ, ವಾಪಸ್ ಕೊಡಿ.

ವೈನ್ ಶಾಪಿನ ಜಾಲರಿಯ ಮುಂದೆ ಇದಕ್ಕೆ ಅಂಕ ಕಡಿಮೆ. ಸಂಜೆಯ ಸಾಲಿನಲ್ಲಿ 90 ಎಂಎಲ್ ಟೆಟ್ರಾ ಪ್ಯಾಕ್ ಕೊಳ್ಳುವವನು ಕಾರ್ಡ್ ತೆಗೆಯುವಷ್ಟರಲ್ಲಿ ಹಿಂದಿನವರು ಬೈಯಲು ಶುರು. ಹೊರಗೆ ನಿಂತ ಪಿಯು ಹುಡುಗರಿಗೆ ಯಾರೋ ‘ಅಣ್ಣ’ ತಂದುಕೊಡುವುದನ್ನಂತೂ ಯಾವ ಆ್ಯಪೂ ಹಿಡಿಯದು. ಅಲ್ಲಿ ಬೇಕಾದ್ದು ತಿಳಿವಳಿಕೆ: 18 ತುಂಬದ ಮಗುವಿಗೆ ಮದ್ಯ ಕೊಟ್ಟರೆ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ನಿನಡಿ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷದವರೆಗೆ ದಂಡ. ಮದ್ಯ ಮಾರಲು, ಸಾಗಿಸಲು ಮಗುವನ್ನು ಬಳಸಿದರೆ 78ನೇ ಸೆಕ್ಷನ್. ಈ ಎರಡನ್ನೂ ಕೌಂಟರಿನ ಮೇಲೆ ದಪ್ಪ ಅಕ್ಷರದಲ್ಲಿ ಅಂಟಿಸಿ, ಶಾಲೆಯ ಪೋಷಕರ ಸಭೆಯಲ್ಲೂ ಓದಿಸಿ. ‘ಅಪ್ಪನಿಗೆ ಒಂದು ಕ್ವಾರ್ಟರ್’ ಎಂದು ಮಗು ಬಂದರೆ ಬರಿಗೈಲಿ ಕಳಿಸಬೇಕು. ದಿನಾ ಬರುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು.

ಬಾರಿನ ಬಾಗಿಲಿಗೆ 5ಕ್ಕೆ 4, ವೈನ್ ಶಾಪಿಗೆ 2.